ತರಗತಿಯ ಬರಹವೂ ಬಹಿರಂಗ ಓದುಗನೂ: ಇತಿಹಾಸ ಬೋಧನೆಯ ದೃಷ್ಟಿಯಿಂದ ಒಂದು ವಿಮರ್ಶೆ

ಕಾಲೇಜು ವಿದ್ಯಾರ್ಥಿಯು ಬರೆಯುವ ಪ್ರಬಂಧಕ್ಕೆ ನಮ್ಮಲ್ಲಿ ಬಹುಕಾಲದಿಂದಲೂ ಒಬ್ಬನೇ ಓದುಗನು, ಅವನು ಅಧ್ಯಾಪಕನು. ಅಧ್ಯಾಪಕನು ಅದನ್ನು ಓದಿ, ಅಂಚಿನಲ್ಲಿ ಕೆಲವು ಗುರುತುಗಳನ್ನು ಮಾಡಿ, ಅಂಕಗಳನ್ನು ಕೊಟ್ಟು ಹಿಂದಿರುಗಿಸಿದೊಡನೆ ಆ ಬರಹದ ಪ್ರಯೋಜನವು ಮುಗಿದಂತೆಯೇ ಸರಿ. ಅಂತರ್ಜಾಲವು ಬಹುಮಂದಿಯ ಕೈಗೆ ಎಟುಕುವಂತಾದ ಮೇಲೆ ಇದಕ್ಕಿಂತ ಭಿನ್ನವಾದ ಪದ್ಧತಿಯೊಂದು ರೂಢಿಗೆ ಬರುತ್ತಿದೆ. ವಿದ್ಯಾರ್ಥಿಗಳು ತರಗತಿಗಾಗಿ ಬರೆದುದನ್ನು ಬ್ಲಾಗುಗಳಲ್ಲಿಯೂ ತರಗತಿಯ ಜಾಲತಾಣಗಳಲ್ಲಿಯೂ ವಿಕಿಪೀಡಿಯದಂತಹ ಸಾರ್ವಜನಿಕ ವಿಶ್ವಕೋಶಗಳಲ್ಲಿಯೂ ಪ್ರಕಟಿಸುವುದೇ ಆ ಪದ್ಧತಿ. ಇದನ್ನು ಕೆಲವರು ಬೋಧನಾ ಕ್ರಮದ ದೊಡ್ಡ ಸುಧಾರಣೆಯೆಂದು ಕೊಂಡಾಡುತ್ತಾರೆ. ಮತ್ತೆ ಕೆಲವರು ಅಪಕ್ವ ಬರಹವನ್ನು ಲೋಕದ ಮೇಲೆ ಚೆಲ್ಲುವ ಕೆಲಸವೆಂದು ತಳ್ಳಿಹಾಕುತ್ತಾರೆ. ಈ ಎರಡು ನಿಲುವುಗಳೂ ಪೂರ್ವಾಪರ ವಿಚಾರವಿಲ್ಲದೆ ತಳೆದವೆಂದು ನಮಗೆ ತೋರುತ್ತದೆ. ಇತಿಹಾಸವನ್ನು ಕಲಿಸುವವರ ದೃಷ್ಟಿಯಿಂದ ಈ ಪದ್ಧತಿಯ ಗುಣದೋಷಗಳನ್ನು ತೂಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

೧

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವಿದ್ಯಾರ್ಥಿಯ ಬರಹವನ್ನು ಬಹಿರಂಗಪಡಿಸುವ ವಿಚಾರವು ಅಂತರ್ಜಾಲದೊಡನೆ ಹುಟ್ಟಿದುದಲ್ಲ. ನಮ್ಮ ನಾಡಿನಲ್ಲಿಯೇ ೧೯೧೯ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ವು ಹೊರಟಿತು. ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರದ್ಧೆಯಿಂದ ಬೆಳೆದ ಆ ಪತ್ರಿಕೆಯ ಬೇರು ಒಂದು ಕಾಲೇಜು ಸಂಘದಲ್ಲಿ ಇತ್ತೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಊರೂರಿನ ಶಾಲಾಕಾಲೇಜುಗಳಲ್ಲಿ ನಡೆಯುತ್ತಿದ್ದ ಕೈಬರಹದ ಪತ್ರಿಕೆಗಳದೂ ಇದೇ ವಂಶ.

ಆದರೆ ಈ ವಿಚಾರವನ್ನು ತರಗತಿಯ ಹೊರಗಿನ ಹವ್ಯಾಸವಾಗಿ ಬಿಡದೆ ಬೋಧನೆಯ ನಡುಮನೆಗೆ ತಂದವನು ಫ್ರಾನ್ಸಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯ ಸೆಲೆಸ್ತೆಂ ಫ್ರೆನೆ. ೧೮೯೬ರಲ್ಲಿ ಹುಟ್ಟಿದ ಈತನು ಮೊದಲ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು, ೧೯೨೦ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸ್ಯುರ್-ಲೂ ಎಂಬ ಬೆಟ್ಟದ ಊರಿನಲ್ಲಿ ಉಪಾಧ್ಯಾಯನಾದನು. ೧೯೨೪ರಲ್ಲಿ ಒಂದು ಪುಟ್ಟ ಮುದ್ರಣಯಂತ್ರವನ್ನು ತರಗತಿಯೊಳಕ್ಕೆ ತಂದನು. ಮಕ್ಕಳು ತಮ್ಮ ಮನೆ, ಹೊಲ, ಕೆಲಸಗಳ ಬಗ್ಗೆ ತಾವೇ ಬರೆದರು. ಯಾವುದು ಅಚ್ಚಾಗಬೇಕೆಂಬುದನ್ನು ತರಗತಿಯೇ ನಿರ್ಧರಿಸಿತು. ಆರಿಸಿದ ಬರಹವನ್ನು ಎಲ್ಲರೂ ಸೇರಿ ತಿದ್ದಿದರು. ಅಚ್ಚುಮೊಳೆಗಳನ್ನು ಮಕ್ಕಳೇ ಜೋಡಿಸಿದರು. ಬಳಿಕ ಬ್ರಿಟನಿ ಪ್ರಾಂತದ ಕಡಲ ತಡಿಯಲ್ಲಿರುವ ತ್ರೆಗಂಕ್ ಎಂಬ ಊರಿನ ಶಾಲೆಯೊಡನೆ ಈ ಹಾಳೆಗಳ ವಿನಿಮಯ ನಡೆಯಿತು. ಬೆಟ್ಟದ ಮಕ್ಕಳಿಗೆ ಗೊತ್ತಿದ್ದ ಸಂಗತಿ ಕಡಲಿನ ಮಕ್ಕಳಿಗೆ ಗೊತ್ತಿರಲಿಲ್ಲ. ತಮಗೆ ಸಹಜವಾಗಿದ್ದುದನ್ನು ಪರಸ್ಥಳದವರಿಗೆ ತಿಳಿಯುವಂತೆ ವಿವರಿಸಬೇಕಾಗಿ ಬಂದಾಗ ಬರಹಕ್ಕೆ ನಿಜವಾದ ಕಾರಣವೊಂದು ದೊರೆಯಿತು. ಇಂದು ತರಗತಿಯ ಬ್ಲಾಗುಗಳ ಪರವಾಗಿ ಹೇಳುವ ಮುಖ್ಯ ವಾದವು ಇದೇ ಆಗಿದೆ.

ಫ್ರೆನೆಯ ಪ್ರಶಂಸಕರು ಇಲ್ಲಿಗೆ ನಿಲ್ಲಿಸುವುದುಂಟು. ನಾವು ಕಥೆಯ ಉತ್ತರಾರ್ಧವನ್ನೂ ನೋಡಬೇಕು. ೧೯೨೮ರಲ್ಲಿ ಆತನು ಸೇಂ-ಪೋಲ್ ಎಂಬ ಊರಿಗೆ ಬಂದನು. ಅಲ್ಲಿನ ಶಾಲೆಯ ದುಃಸ್ಥಿತಿಯ ವಿಷಯದಲ್ಲಿ ಆತನಿಗೂ ಪುರಸಭೆಗೂ ಮನಸ್ತಾಪವಿತ್ತು. ಶಾಲೆಯಲ್ಲಿ ಅಚ್ಚಾದ ಬರಹಗಳಲ್ಲಿ ಒಬ್ಬ ಹುಡುಗನ ಕನಸಿನ ವರ್ಣನೆಯೊಂದು ಇತ್ತು. ಕನಸಿನಲ್ಲಿ ಮಕ್ಕಳು ಮೇಯರನ ವಿರುದ್ಧ ದಂಗೆಯೆದ್ದು ಅವನನ್ನು ಕೊಲ್ಲುತ್ತಾರೆ. ೧೯೩೨ರ ಕೊನೆಯಲ್ಲಿ ವಿರೋಧಿಗಳು ಆ ಬರಹವನ್ನು ಊರಿನ ಗೋಡೆಗಳ ಮೇಲೆ ಅಂಟಿಸಿ, ಉಪಾಧ್ಯಾಯನು ಮಕ್ಕಳಿಗೆ ಹಿಂಸೆಯನ್ನು ಕಲಿಸುತ್ತಾನೆಂದು ಗುಲ್ಲೆಬ್ಬಿಸಿದರು. ವಿವಾದವು ದೇಶದ ಪತ್ರಿಕೆಗಳವರೆಗೂ ಹೋಯಿತು. ಕಡೆಗೆ ಫ್ರೆನೆ ೧೯೩೩ರಲ್ಲಿ ಆ ಊರನ್ನು ಬಿಡಬೇಕಾಯಿತು. ೧೯೩೫ರಲ್ಲಿ ವಾಂಸ್ ಎಂಬಲ್ಲಿ ತನ್ನದೇ ಶಾಲೆಯನ್ನು ತೆರೆದನು.

ಈ ಪ್ರಕರಣದಲ್ಲಿ ಯಾರ ಪಕ್ಷ ನ್ಯಾಯವೆಂಬುದು ನಮಗೆ ಇಲ್ಲಿ ಮುಖ್ಯವಲ್ಲ. ಗಮನಿಸಬೇಕಾದುದು ಇಷ್ಟು: ತರಗತಿಯೊಳಗೆ ಬರೆದ ಮಾತಿಗೆ ತರಗತಿಯೇ ಸಂದರ್ಭವಾಗಿರುತ್ತದೆ. ಅದು ಹೊರಗೆ ಹೋದಾಗ ಆ ಸಂದರ್ಭವು ಅದರ ಸಂಗಡ ಹೋಗುವುದಿಲ್ಲ. ನಾಲ್ಕು ಹಾಳೆಗಳ ಶಾಲಾ ಪತ್ರಿಕೆಗೇ ಹೀಗಾದರೆ, ಯಾರು ಎಲ್ಲಿಂದ ಬೇಕಾದರೂ ಓದಬಹುದಾದ ಬರಹದ ವಿಷಯದಲ್ಲಿ ಹೇಳಬೇಕಾದುದೇನು?

೨

ಈಗ ಪ್ರಯೋಜನಗಳನ್ನು ನೋಡೋಣ. ಇತಿಹಾಸದ ಮಟ್ಟಿಗೆ ಅವು ಮೂರು ಬಗೆಯವೆಂದು ನಮ್ಮ ಅಭಿಪ್ರಾಯ.

ಒಂದನೆಯದು, ಆಧಾರವನ್ನು ತೋರಿಸುವ ಅಭ್ಯಾಸ. ಅಧ್ಯಾಪಕನೊಬ್ಬನಿಗಾಗಿ ಬರೆಯುವ ವಿದ್ಯಾರ್ಥಿಯು ‘ಇದು ಅವರಿಗೆ ಗೊತ್ತೇ ಇದೆ’ ಎಂಬ ಭಾವನೆಯಿಂದ ಆಧಾರವನ್ನು ಬಿಟ್ಟುಬಿಡುತ್ತಾನೆ. ಅಪರಿಚಿತ ಓದುಗನಾದರೋ ‘ಇದು ನಿನಗೆ ಹೇಗೆ ಗೊತ್ತು?’ ಎಂದು ಕೇಳುವವನು. ಈ ಪ್ರಶ್ನೆಯೇ ಇತಿಹಾಸ ಶಾಸ್ತ್ರದ ಮೊದಲ ಪಾಠ. ಅದನ್ನು ಅಧ್ಯಾಪಕನು ಹತ್ತು ಉಪನ್ಯಾಸಗಳಲ್ಲಿ ಹೇಳುವುದಕ್ಕಿಂತ ಓದುಗನೊಬ್ಬನು ಒಮ್ಮೆ ಕೇಳುವುದು ಹೆಚ್ಚು ಪರಿಣಾಮಕಾರಿ.

ಎರಡನೆಯದು, ತಿದ್ದುಪಡಿಯ ಚರಿತ್ರೆ ಕಣ್ಣಿಗೆ ಕಾಣುವುದು. ವಿಕಿಪೀಡಿಯದ ಪ್ರತಿಯೊಂದು ಲೇಖನದ ಹಿಂದೆಯೂ ಅದರ ಹಳೆಯ ರೂಪಗಳೆಲ್ಲ ಉಳಿದಿರುತ್ತವೆ; ಯಾವ ವಾಕ್ಯವು ಯಾವಾಗ ಸೇರಿತು, ಯಾವುದು ಏಕೆ ಬಿಟ್ಟುಹೋಯಿತು ಎಂಬುದನ್ನು ಅಲ್ಲಿ ಓದಬಹುದು. ಪಾಠಾಂತರಗಳನ್ನು ಹೋಲಿಸಿ ನೋಡುವ ವಿದ್ಯೆಗೆ ಇದಕ್ಕಿಂತ ಸುಲಭವಾದ ಪ್ರವೇಶ ದೊರೆಯದು. ೨೦೨೨ರ ಕೊನೆಯಿಂದೀಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದೊಡನೆ ಪ್ರಬಂಧವನ್ನು ಬರೆದುಕೊಡುತ್ತಿವೆ. ಸಿದ್ಧವಾದ ಪ್ರಬಂಧದಿಂದ ವಿದ್ಯಾರ್ಥಿಯ ಶ್ರಮವನ್ನು ಅಳೆಯುವುದು ಇದರಿಂದ ಕಷ್ಟವಾಗಿರುವಾಗ, ಬರಹವು ಹಂತಹಂತವಾಗಿ ಬೆಳೆದ ಬಗೆಯನ್ನು ನೋಡಬಲ್ಲ ಸೌಕರ್ಯವು ಅಧ್ಯಾಪಕನಿಗೆ ಉಪಯುಕ್ತವೇ ಸರಿ.

ಮೂರನೆಯದು, ಸ್ಥಳೀಯ ಆಕರಗಳ ಪರಿಚಯ. ಬಿ. ಎಲ್. ರೈಸ್ ಅವರು ೧೮೮೬ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳು ತಾಲ್ಲೂಕುವಾರಾಗಿ ಅಚ್ಚಾಗಿವೆ. ವಿದ್ಯಾರ್ಥಿಯು ತನ್ನ ಊರಿನ ಶಾಸನದ ಅಚ್ಚಾದ ಪಾಠವನ್ನು ಹಿಡಿದುಕೊಂಡು ಹೋಗಿ, ಕಲ್ಲು ಇಂದಿಗೂ ಅಲ್ಲಿದೆಯೇ, ಎಷ್ಟು ಸಾಲುಗಳು ಓದಲು ಬರುತ್ತವೆ, ಸುಣ್ಣ ಬಣ್ಣಗಳು ಬಿದ್ದಿವೆಯೇ ಎಂಬುದನ್ನು ವರದಿ ಮಾಡಿದರೆ ಅದು ಚಿಕ್ಕದಾದರೂ ನಿಜವಾದ ಸಂಶೋಧನೆ. ಅಂತಹ ವರದಿಯು ಅಧ್ಯಾಪಕನ ಕಪಾಟಿನಲ್ಲಿ ಧೂಳು ತಿನ್ನುವುದಕ್ಕಿಂತ ಲೋಕಕ್ಕೆ ದೊರೆಯುವುದು ಮೇಲು.

ಇದಕ್ಕೆ ಸಂಬಂಧಿಸಿದಂತೆ ಕನ್ನಡದ ಸ್ಥಿತಿಯನ್ನು ವಿಶೇಷವಾಗಿ ಗಮನಿಸಬೇಕು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇರುವ ಲೇಖನಗಳು ೩೦,೦೦೦ಕ್ಕೂ ಮೇಲ್ಪಟ್ಟಿವೆ. ಇಂಗ್ಲಿಷಿನವು ೬೦ ಲಕ್ಷವನ್ನು ದಾಟಿವೆ. ಇಂಗ್ಲಿಷಿನಲ್ಲಿ ವಿದ್ಯಾರ್ಥಿಯೊಬ್ಬನ ದುರ್ಬಲವಾದ ಪುಟವು ನೂರು ಪುಟಗಳ ನಡುವೆ ಅಡಗಿಹೋಗುತ್ತದೆ. ಕನ್ನಡದಲ್ಲಿಯಾದರೋ ಒಂದು ಊರಿನ ವೀರಗಲ್ಲಿನ ವಿಷಯವಾಗಿ ಅವನು ಬರೆದುದೇ ಏಕೈಕ ಬರಹವಾಗಿರುವ ಸಂಭವವುಂಟು. ಆದಕಾರಣ ಕನ್ನಡದಲ್ಲಿ ಒಳ್ಳೆಯ ತರಗತಿ ಬರಹದ ಪ್ರಯೋಜನವೂ ಅಧಿಕ, ಕೆಟ್ಟ ಬರಹದ ಹಾನಿಯೂ ಅಧಿಕ.

೩

ದೋಷಗಳಲ್ಲಿ ಎಲ್ಲಕ್ಕಿಂತ ಎದ್ದುಕಾಣುವುದು ಎರವಲು ಬರಹ. ೨೦೧೧ರಲ್ಲಿ ವಿಕಿಮೀಡಿಯ ಸಂಸ್ಥೆಯು ಪುಣೆಯ ಕೆಲವು ಕಾಲೇಜುಗಳಲ್ಲಿ ಒಂದು ಪ್ರಯೋಗವನ್ನು ನಡೆಸಿತು. ನೂರಾರು ವಿದ್ಯಾರ್ಥಿಗಳು ತರಗತಿಯ ಕೆಲಸವಾಗಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯತೊಡಗಿದರು. ಅನೇಕರು ಪಠ್ಯಪುಸ್ತಕಗಳಿಂದಲೂ ಇತರ ಜಾಲತಾಣಗಳಿಂದಲೂ ಯಥಾವತ್ತಾಗಿ ನಕಲು ಮಾಡಿ ಸೇರಿಸಿದರು. ದೂರದ ಸ್ವಯಂಸೇವಕ ಸಂಪಾದಕರು ಅವನ್ನು ಹುಡುಕಿ ಅಳಿಸುವುದರಲ್ಲಿಯೇ ಬಸವಳಿದರು. ಅದೇ ವರ್ಷ ನವೆಂಬರಿನಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಇದರಿಂದ ನಮ್ಮ ವಿದ್ಯಾರ್ಥಿಗಳು ಅಪ್ರಾಮಾಣಿಕರೆಂದು ತೀರ್ಮಾನಿಸುವುದು ಸರಿಯಲ್ಲ. ಪುಸ್ತಕದ ಮಾತನ್ನು ಅಕ್ಷರ ಬಿಡದೆ ಒಪ್ಪಿಸುವುದಕ್ಕೆ ನಮ್ಮ ಪರೀಕ್ಷೆಗಳು ಪೂರ್ಣ ಅಂಕಗಳನ್ನು ಕೊಡುತ್ತ ಬಂದಿವೆ. ಉತ್ತರಪತ್ರಿಕೆಯಲ್ಲಿ ಗುಣವೆನಿಸಿದುದು ಪ್ರಕಟಿತ ಪುಟದಲ್ಲಿ ಅಪರಾಧವಾಗುವುದೆಂಬುದನ್ನು ವಿದ್ಯಾರ್ಥಿಗೆ ಮೊದಲೇ ಯಾರೂ ತಿಳಿಸದಿದ್ದರೆ ತಪ್ಪು ಯಾರದು? ಸಾರಾಂಶವನ್ನು ಸ್ವಂತ ಮಾತಿನಲ್ಲಿ ಬರೆಯುವುದನ್ನು ಕಲಿಸದೆ ಪ್ರಕಟಣೆಗೆ ಕೈಹಾಕಿದುದೇ ಅಲ್ಲಿನ ವೈಫಲ್ಯದ ಮೂಲವೆಂದು ನಮಗೆ ತೋರುತ್ತದೆ.

ಎರಡನೆಯ ದೋಷ, ತಪ್ಪು ತನಗೆ ತಾನೇ ಸಾಕ್ಷಿಯಾಗುವುದು. ಅಮೆರಿಕದ ಮಿಡಲ್‌ಬರಿ ಕಾಲೇಜಿನಲ್ಲಿ ಜಪಾನಿನ ಇತಿಹಾಸದ ತರಗತಿಯ ಹಲವು ವಿದ್ಯಾರ್ಥಿಗಳು, ೧೬೩೭-೩೮ರ ಶಿಮಾಬಾರ ದಂಗೆಗೆ ಜೆಸುಯಿಟ್ ಪಾದ್ರಿಗಳು ಬೆಂಬಲವಿತ್ತರೆಂದು ಒಂದೇ ತಪ್ಪನ್ನು ಬರೆದರು. ಅದರ ಮೂಲವು ವಿಕಿಪೀಡಿಯವೆಂದು ತಿಳಿದುಬಂದು, ೨೦೦೭ರಲ್ಲಿ ಅಲ್ಲಿನ ಇತಿಹಾಸ ವಿಭಾಗವು ವಿದ್ಯಾರ್ಥಿಗಳು ಅದನ್ನು ಆಧಾರವಾಗಿ ಉಲ್ಲೇಖಿಸಕೂಡದೆಂದು ನಿರ್ಣಯಿಸಿತು.

ನಮ್ಮ ನಾಡಿನ ಉದಾಹರಣೆಯೂ ಇದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ ಆ ಊರು ಬೆಂದಕಾಳೂರಾಗಿ ಮುಂದೆ ಬೆಂಗಳೂರಾಯಿತೆಂದೂ ಹೇಳುವ ಕಥೆ ಎಲ್ಲರಿಗೂ ಗೊತ್ತಿದೆ. ಬಲ್ಲಾಳನು ಆಳಿದುದು ೧೧೭೩ರಿಂದ ೧೨೨೦ರವರೆಗೆ. ಆದರೆ ಬೇಗೂರಿನಲ್ಲಿರುವ, ಗಂಗರ ಕಾಲದ, ಸುಮಾರು ಕ್ರಿ.ಶ. ೯೦೦ರ ವೀರಗಲ್ಲೊಂದು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಅಂದಮೇಲೆ ಊರಿನ ಹೆಸರು ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. ಶಾಸನವು ಅಚ್ಚಾಗಿ ಎಷ್ಟೋ ಕಾಲವಾಗಿದ್ದರೂ ಕಥೆಯು ಪುಟದಿಂದ ಪುಟಕ್ಕೆ ಸಾಗುತ್ತಲೇ ಇದೆ. ಒಬ್ಬ ವಿದ್ಯಾರ್ಥಿಯು ಇದನ್ನು ಆಧಾರವಿಲ್ಲದೆ ಪ್ರಕಟಿಸಿದರೆ ಮುಂದಿನ ವರ್ಷದ ವಿದ್ಯಾರ್ಥಿಗೆ ಆ ಪುಟವೇ ಆಧಾರವಾಗುತ್ತದೆ. ಕಥೆಯನ್ನು ಬರೆಯಬಾರದೆಂದು ನಾವು ಹೇಳುತ್ತಿಲ್ಲ. ಜನರು ಇದನ್ನು ಹೀಗೆ ಹೇಳಿಕೊಂಡು ಬಂದಿದ್ದಾರೆಂಬುದೂ ಇತಿಹಾಸದ ಸಂಗತಿಯೇ. ಕಥೆಯನ್ನು ಕಥೆಯೆಂದೂ ಶಾಸನವನ್ನು ಶಾಸನವೆಂದೂ ಬೇರ್ಪಡಿಸಿ ಹೇಳಬೇಕು.

ಆದರೂ ಈ ಕಾರಣದಿಂದ ಸಾರ್ವಜನಿಕ ಬರಹವನ್ನೆಲ್ಲ ನಿಷೇಧಿಸುವುದು ಯುಕ್ತವೆಂದು ಒಪ್ಪಲಾಗದು. ಅಮೆರಿಕದ ಇತಿಹಾಸಕಾರ ರಾಯ್ ರೋಸೆನ್‌ಜ್ವೈಗ್ ೨೦೦೬ರಲ್ಲಿ ‘ಜರ್ನಲ್ ಆಫ್ ಅಮೆರಿಕನ್ ಹಿಸ್ಟರಿ’ಯಲ್ಲಿ ವಿಕಿಪೀಡಿಯವನ್ನು ಕುರಿತು ಬರೆದ ಲೇಖನವು ಈ ವಿಷಯದಲ್ಲಿ ಈಗಲೂ ಓದತಕ್ಕುದು. ಆತನು ೨೫ ಜೀವನಚರಿತ್ರೆಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿ ಅವುಗಳಲ್ಲಿ ನಾಲ್ಕರಲ್ಲಿ ಮಾತ್ರ ಸ್ಪಷ್ಟವಾದ ತಪ್ಪುಗಳನ್ನು ಕಂಡನು. ಆತನು ಮುಖ್ಯ ಕೊರತೆಯನ್ನು ಕಂಡುದು ಬೇರೆ ಕಡೆ: ಲಿಂಕನ್ನನ ಬಗ್ಗೆ ನುರಿತ ಇತಿಹಾಸಕಾರನು ಬರೆದ ಚರಿತ್ರೆಯಲ್ಲಿರುವ ವಿವೇಚನೆಯೂ ಶೈಲಿಯೂ ಹಲವರು ಕೂಡಿ ಬರೆದ ಲೇಖನದಲ್ಲಿ ಇಲ್ಲ. ಈ ಮಾತಿಗೆ ನಾವು ಇನ್ನೊಂದನ್ನು ಸೇರಿಸಬಯಸುತ್ತೇವೆ. ವಿಕಿಪೀಡಿಯವು ಮೂಲ ಸಂಶೋಧನೆಗೆ ಎಡೆಕೊಡುವುದಿಲ್ಲ. ಊರಿನ ಶಾಸನವನ್ನು ನೋಡಿಬಂದ ವಿದ್ಯಾರ್ಥಿಯ ವರದಿಗೆ ಅಲ್ಲಿ ಸ್ಥಾನವಿಲ್ಲ. ಅದಕ್ಕೆ ತರಗತಿಯ ಸ್ವಂತ ಪುಟವೇ ತಕ್ಕ ಸ್ಥಳ. ಯಾವ ಬರಹಕ್ಕೆ ಯಾವ ಸ್ಥಳವೆಂಬ ವಿವೇಕವಿಲ್ಲದೆ ‘ವಿದ್ಯಾರ್ಥಿಗಳಿಂದ ಜಾಲದಲ್ಲಿ ಬರೆಯಿಸಿ’ ಎಂಬ ಸಾಮಾನ್ಯ ಉಪದೇಶಕ್ಕೆ ಅರ್ಥವಿಲ್ಲ.

ಮೂರನೆಯ ದೋಷವೇ ನಮ್ಮ ಮತದಲ್ಲಿ ಎಲ್ಲಕ್ಕಿಂತ ಗುರುತರವಾದುದು. ಈ ಪದ್ಧತಿಯ ಪಕ್ಷಪಾತಿಗಳು ಇದನ್ನು ಪ್ರಾಯಶಃ ಚರ್ಚಿಸುವುದೇ ಇಲ್ಲ. ಅದು ಬರೆದವರ ಮತ್ತು ಬರಹದಲ್ಲಿ ಬರುವವರ ರಕ್ಷಣೆ. ೧೯೭೪ರ ಮಾರ್ಚಿ ಒಂದರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯನ್ನು ಪಾಠ ಮಾಡುವ ಅಧ್ಯಾಪಕನು, ‘ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆಯಿರಿ’ ಎಂದು ಹೇಳುವುದು ಸಹಜ, ಒಳ್ಳೆಯದು ಕೂಡ. ಗೇಣಿದಾರರ ಮನೆಯ ಹುಡುಗಿಯೊಬ್ಬಳು ಅಜ್ಜಿಯ ಬಾಯಿಂದ ಕೇಳಿ, ಭೂನ್ಯಾಯಮಂಡಲಿಗೆ ಅರ್ಜಿ ಕೊಟ್ಟುದು, ಒಡೆಯರ ಮನೆಯವರು ಆಡಿದ ಮಾತು, ಅಂಗಳದ ಹೊರಗೆ ನಿಲ್ಲಬೇಕಾಗಿದ್ದುದು, ಇವನ್ನೆಲ್ಲ ಬರೆದಳೆನ್ನೋಣ. ತರಗತಿಯಲ್ಲಿ ಓದಿದಾಗ ಅದು ಅಮೂಲ್ಯವಾದ ಮೌಖಿಕ ಇತಿಹಾಸ. ಅದೇ ಬರಹವು ಅವಳ ಹೆಸರು, ಊರಿನ ಹೆಸರುಗಳೊಡನೆ ಬಹಿರಂಗವಾದಾಗ ಆ ಒಡೆಯರ ಮನೆಯವರೂ ಓದುತ್ತಾರೆ. ಅಜ್ಜಿ ಮೊಮ್ಮಗಳಿಗೆ ಹೇಳಿದಳೇ ಹೊರತು ಊರಿಗೆ ಹೇಳಲಿಲ್ಲ. ಊರಿನಲ್ಲಿ ಬಾಳಬೇಕಾದವರು ಅವರು. ನೇಮಕವನ್ನು ಕೊಟ್ಟ ಅಧ್ಯಾಪಕನಲ್ಲ. ವಿದ್ಯಾರ್ಥಿನಿಯರು ಹೆಸರು ಹಾಕಿ ಬರೆದಾಗ ಅಪರಿಚಿತರಿಂದ ಬರುವ ಅಸಭ್ಯ ಮಾತುಗಳ ತೊಂದರೆಯನ್ನೂ ಇದಕ್ಕೆ ಸೇರಿಸಬೇಕು. ಹೀಗೆ ಯಾರಿಗೆ ಹೇಳಬೇಕಾದ ಇತಿಹಾಸವಿದೆಯೋ ಅವರಿಗೇ ಬಹಿರಂಗ ಬರಹದ ಅಪಾಯ ಹೆಚ್ಚು.

ಕಾನೂನೂ ಇಲ್ಲಿ ಮೌನವಾಗಿಲ್ಲ. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರನ್ನು ಮಕ್ಕಳೆಂದು ಎಣಿಸಿ ತಂದೆತಾಯಿಗಳ ಒಪ್ಪಿಗೆಯನ್ನು ಬಯಸುತ್ತದೆ. ಪದವಿಪೂರ್ವ ತರಗತಿಗಳವರಲ್ಲಿ ಬಹುಮಂದಿ ಆ ವಯಸ್ಸಿನವರು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ ಕೃತಿಯ ಮೊದಲ ಒಡೆತನ ಸಾಮಾನ್ಯವಾಗಿ ಬರೆದವನದು. ಅಂಕವನ್ನು ಕೊಟ್ಟ ಮಾತ್ರಕ್ಕೆ ವಿದ್ಯಾರ್ಥಿಯ ಪ್ರಬಂಧವು ಕಾಲೇಜಿನ ಸ್ವತ್ತಾಗುವುದಿಲ್ಲ. ಅದನ್ನು ಪ್ರಕಟಿಸಲೇಬೇಕೆಂದು ಕಡ್ಡಾಯಮಾಡುವ ಅಧ್ಯಾಪಕನು ಈ ಮಾತನ್ನು ನೆನಪಿನಲ್ಲಿಡಬೇಕು.

ಇನ್ನು, ಇಂತಹ ಬರಹಗಳ ಬಾಳಿಕೆಯ ಪ್ರಶ್ನೆ. ಲಕ್ಷಾಂತರ ಪುಟಗಳಿದ್ದ ಜಿಯೋಸಿಟೀಸ್ ತಾಣವನ್ನು ಅದರ ಒಡೆಯರು ೨೦೦೯ರಲ್ಲಿ ಮುಚ್ಚಿದರು. ಉಪಾಧ್ಯಾಯರು ಬಹಳವಾಗಿ ಬಳಸುತ್ತಿದ್ದ ವಿಕಿಸ್ಪೇಸಸ್ ೨೦೧೮ರಲ್ಲಿ ನಿಂತುಹೋಯಿತು. ಆದುದರಿಂದ ಉಳಿಯಬೇಕಾದ ಬರಹದ ಪ್ರತಿಯೊಂದನ್ನು ಕಾಲೇಜಿನ ಗ್ರಂಥಾಲಯದಲ್ಲಿ ಇಡುವುದು ಅವಶ್ಯ. ಅತ್ತ, ಅಳಿಯಬೇಕೆಂದು ಬರೆದವನು ಬಯಸುವ ಹದಿನೇಳರ ಪ್ರಾಯದ ಮಾತು ಇನ್ನಾರದೋ ನಕಲಿನಲ್ಲಿ ಉಳಿದುಬಿಡಬಹುದು. ಉಳಿವೂ ಅಳಿವೂ ನಮ್ಮ ಕೈಯಲ್ಲಿಲ್ಲವೆಂಬುದನ್ನು ತಿಳಿದೇ ಈ ಕೆಲಸಕ್ಕೆ ತೊಡಗತಕ್ಕದ್ದು.

೪

ಮೇಲ್ಕಂಡ ವಿವೇಚನೆಯಿಂದ ನಾವು ತಲಪುವ ತೀರ್ಮಾನವನ್ನು ಹೀಗೆ ಸಂಗ್ರಹಿಸಬಹುದು. ಬಹಿರಂಗ ಬರಹದ ಪ್ರಯೋಜನವೆಲ್ಲವೂ ಓದುಗನೊಬ್ಬನು ದೊರೆಯುವುದರಿಂದ ಬರುತ್ತದೆ. ಅಪಾಯಗಳಲ್ಲಿ ಬಹುಪಾಲು ಆ ಓದುಗನು ಯಾರೆಂದು ಗೊತ್ತಿಲ್ಲದಿರುವುದರಿಂದ ಬರುತ್ತದೆ. ಫ್ರೆನೆಯ ಮಕ್ಕಳಿಗೆ ಲಾಭವಾದುದು ತ್ರೆಗಂಕಿನ ಮಕ್ಕಳು ಓದಿದ್ದರಿಂದ. ಸೇಂ-ಪೋಲಿನಲ್ಲಿ ಹಾನಿಯಾದುದು ಯಾರಿಗಾಗಿ ಬರೆದಿರಲಿಲ್ಲವೋ ಅವರು ಓದಿದ್ದರಿಂದ. ಹೀಗಿರುವಾಗ ಅಧ್ಯಾಪಕನೊಬ್ಬನೇ ಅಥವಾ ಲೋಕವೆಲ್ಲವೂ ಎಂಬ ಎರಡೇ ದಾರಿಗಳಿವೆಯೆಂದು ಭಾವಿಸುವುದು ಅನಾವಶ್ಯಕ. ನಡುವೆ ಮೆಟ್ಟಿಲುಗಳಿವೆ.

ಮೊದಲ ಮೆಟ್ಟಿಲು ತರಗತಿ. ವಿದ್ಯಾರ್ಥಿಗಳು ಪರಸ್ಪರ ಓದಿ ಲಿಖಿತವಾಗಿ ಪ್ರಶ್ನೆ ಕೇಳುವುದು. ಇದಕ್ಕೆ ಗೋಡೆಪತ್ರಿಕೆಯೂ ಸಾಕು. ಎರಡನೆಯದು ಗೊತ್ತಿರುವ ಹೊರಗಿನ ಓದುಗರು. ಕಲಬುರಗಿಯ ಕಾಲೇಜೊಂದು ಮಂಗಳೂರಿನ ಕಾಲೇಜಿನೊಡನೆ ಬರಹಗಳನ್ನು ವಿನಿಮಯ ಮಾಡಿಕೊಂಡರೆ, ನಿಜಾಮರ ಆಳಿಕೆಯ ನೆನಪುಗಳನ್ನು ಕರಾವಳಿಯವರಿಗೂ ಮದರಾಸು ಆಧಿಪತ್ಯದ ನೆನಪುಗಳನ್ನು ಬಯಲುಸೀಮೆಯವರಿಗೂ ವಿವರಿಸಿ ಹೇಳಬೇಕಾಗುತ್ತದೆ. ೧೯೫೬ರಲ್ಲಿ ಒಂದಾದ ನಾಡಿನ ಭಾಗಗಳು ಪರಸ್ಪರರ ಹಿಂದಣ ಚರಿತ್ರೆಯನ್ನು ಬಲ್ಲುದು ಇಂದಿಗೂ ಸ್ವಲ್ಪವೇ. ಮೂರನೆಯ ಮೆಟ್ಟಿಲು ಸಂಪೂರ್ಣ ಪ್ರಕಟಣೆ. ಮೊದಲೆರಡನ್ನು ದಾಟಿಬಂದ, ಆಧಾರಗಳು ಪರೀಕ್ಷಿತವಾದ, ಜೀವಂತ ವ್ಯಕ್ತಿಗಳ ಗುಟ್ಟನ್ನು ಬಯಲುಮಾಡದ, ಬರೆದವರು ಒಪ್ಪಿದ ಬರಹಗಳಿಗೆ ಮಾತ್ರ ಅದು ಮೀಸಲಾಗಿರಬೇಕು. ಶಾಸನ, ಕೆರೆ, ಕೋಟೆ, ಗುಡಿಗಳ ವರದಿಗಳು ಇಲ್ಲಿಗೆ ನಿರಾತಂಕವಾಗಿ ಬರಬಹುದು. ಮನೆಯ ಹಿರಿಯರ ನೆನಪುಗಳು ಎರಡನೆಯ ಮೆಟ್ಟಿಲಿಗೂ ಹೇಳಿದವರ ಒಪ್ಪಿಗೆಯಿಂದಲೇ, ಹೆಸರುಗಳನ್ನು ಮರೆಸಿಯೇ ಏರಬೇಕು.

ಅಂಕಗಳ ವಿಷಯದಲ್ಲಿಯೂ ಒಂದು ಮಾತು. ಪ್ರಕಟಣೆಗೆ ಅಂಕವನ್ನು ಗಂಟುಹಾಕಿದರೆ ಒಪ್ಪಿಗೆಯೆಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ. ಅಂಕವು ಬರಹಕ್ಕೂ ಅದರ ತಿದ್ದುಪಡಿಗೂ ಇರಲಿ. ಪ್ರಕಟಿಸುವುದು, ಬಿಡುವುದು ವಿದ್ಯಾರ್ಥಿಯ ಇಚ್ಛೆಗೆ ಸೇರಿರಲಿ.

ಇದೆಲ್ಲಕ್ಕೂ ಅಧ್ಯಾಪಕರಿಗೆ ಬಿಡುವೆಲ್ಲಿ ಎಂಬ ಆಕ್ಷೇಪಣೆ ಬರಬಹುದು. ಅದು ನಿರಾಧಾರವಾದುದಲ್ಲ. ನೂರು ಮಂದಿಯ ತರಗತಿಯಲ್ಲಿ ನೂರು ಬರಹಗಳನ್ನು ಮೂರು ಬಾರಿ ಓದುವುದು ಅಸಾಧ್ಯ. ಆದರೆ ನೂರು ಬರಹಗಳೂ ಪ್ರಕಟವಾಗಬೇಕೆಂಬ ನಿಯಮವೇನಿದೆ? ಫ್ರೆನೆಯ ತರಗತಿಯಲ್ಲಿ ಅಚ್ಚಾದುದು ಎಲ್ಲರ ಬರಹವಲ್ಲ, ಎಲ್ಲರೂ ಸೇರಿ ಆರಿಸಿ ತಿದ್ದಿದ ಬರಹ. ಒಂದು ವರ್ಷದಲ್ಲಿ ಒಂದು ತರಗತಿಯಿಂದ ನಂಬಿಕೆಗೆ ಅರ್ಹವಾದ ಹತ್ತು ಪುಟಗಳು ಕನ್ನಡಕ್ಕೆ ಸಂದರೆ ಅದು ಕಡಮೆಯ ಕೆಲಸವಲ್ಲ. ಆ ಹತ್ತನ್ನು ಆರಿಸುವಾಗ ಉಳಿದ ತೊಂಬತ್ತು ಮಂದಿಯೂ ಒಂದು ವಾಕ್ಯವನ್ನು ಏಕೆ ನಂಬಬೇಕು, ಏಕೆ ನಂಬಬಾರದು ಎಂದು ವಾದಿಸಿರುತ್ತಾರೆ. ಇತಿಹಾಸದ ವಿದ್ಯಾರ್ಥಿಗೆ ಅಗತ್ಯವಾದ ವಿದ್ಯೆ ಅದು. ಪ್ರಕಟಣೆಯು ಅದಕ್ಕೆ ನಿಮಿತ್ತವಾದರೆ ಅಷ್ಟೇ ಸಾಕು.